ಲಿಫ್ಟ್ ಅಕ್ಕ ಗೇಮಿಂಗ್ ಪಿಸಿ ಆರಿಸಿದ್ದು

ಮೂವತ್ತೊಂದು ವರ್ಷ ಲಿಫ್ಟುಗಳ ತಪಾಸಣೆ ಮಾಡಿದ ಹೆಂಗಸು ಅವಳು. ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ‘ಲಿಫ್ಟ್ ಅಕ್ಕ’. ‘ಎಂಟು ಜನರಿಗೆ ಮಾತ್ರ’ ಎಂಬ ಫಲಕ ಕಂಡರೆ ಸಾಕು, “ಬರೆದೋನು ಒಂದು ಸಲ ಹತ್ತಿ ನೋಡಿದ್ನಾ?” ಎಂದು ಕೇಳುತ್ತಿದ್ದಳು. ಮೊಸರಲ್ಲಿ ಕಲ್ಲು ಹುಡುಕುವವಳೆಂದು ಹಿಂದಿನಿಂದ ಆಡಿಕೊಂಡವರಿದ್ದರು. ಆದರೆ ಅವಳು ಸಹಿ ಹಾಕಿದ ಒಂದು ಲಿಫ್ಟೂ ಯಾರನ್ನೂ ಕೆಡವಿರಲಿಲ್ಲ.

ನಿವೃತ್ತಿಯಾದ ಎರಡನೇ ವರ್ಷಕ್ಕೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಆಸ್ಪತ್ರೆಯ ಡಯಾಲಿಸಿಸ್ ಕುರ್ಚಿ. ಎಡಗೈಗೆ ಎರಡು ಸೂಜಿ ಚುಚ್ಚಿ ಕೂರಿಸಿದರೆ ಆ ಕೈ ಅಲ್ಲಾಡಿಸುವಂತಿಲ್ಲ. ಗೋಡೆಯ ಟಿವಿಯಲ್ಲಿ ಬರುವುದು ಒಂದೇ ಚಾನೆಲ್ಲು. ಕೆಲಸದಲ್ಲಿದ್ದಾಗ ಊಟದ ವೇಳೆ ಆಫೀಸಿನ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಗೇಮ್ ಆಡುತ್ತಿದ್ದದ್ದು ಅವಳಿಗೆ ನೆನಪಾಯಿತು. ಈಗ ಇಡೀ ಕಂಪ್ಯೂಟರನ್ನೇ ಎರಡು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ, ಅಕ್ಕಪಕ್ಕ ಗುಂಡಿ ಕೂರಿಸಿದ ಯಂತ್ರಗಳು ಬಂದಿವೆಯಂತೆ. ಅಂಥದ್ದೊಂದು ಬೇಕು ಅನ್ನಿಸಿತು.

ಅವಳ ತಮ್ಮ ಅಂದೇ ಒಂದನ್ನು ಆರಿಸಿ ತೋರಿಸಿದ. “ಕಣ್ಣು ಮುಚ್ಕೊಂಡು ತಗೋ ಅಕ್ಕ.”

“ಕಣ್ಣು ಮುಚ್ಕೊಂಡು ಯಾಕೆ ತಗೋಬೇಕು? ಅಂಗಡಿಯವನು ನಿನಗೇನಾಗ್ಬೇಕು?”

“ನೀನು ಹುಟ್ಟುವಾಗ್ಲೇ ಅಮ್ಮನ್ನ ಅಡ್ಡಪ್ರಶ್ನೆ ಕೇಳಿರ್ಬೇಕು” ಎಂದು ತಮ್ಮ ಕೈಚೆಲ್ಲಿದ.

ಅವಳು ಯಂತ್ರಗಳನ್ನು ಹೊಗಳುವ ವಿಡಿಯೋಗಳನ್ನು ನೋಡಿದಳು. ಎಲ್ಲರದೂ ಒಂದೇ ರಾಗ. ಒಬ್ಬನ ವಿಡಿಯೋದ ಕೊನೆಗೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಕಂಪನಿ ಯಂತ್ರವನ್ನು ಪುಕ್ಕಟೆ ಕೊಟ್ಟಿದೆ ಎಂದಿತ್ತು. “ಉಂಡ ಮನೆಯ ಅಡುಗೇನ ಯಾರು ಹಳೀತಾರೆ?” ಎಂದು ಫೋನು ಕೆಳಗಿಟ್ಟಳು. ಅಂಗಡಿಗೆ ಹೋದರೆ ಅಲ್ಲಿನವನು ಬ್ಯಾಟರಿ ಎಂಟು ಗಂಟೆ ಬರುತ್ತದೆ ಎಂದ.

“ಆನ್ ಮಾಡಿಟ್ಟೋ, ಆಫ್ ಮಾಡಿಟ್ಟೋ?”

ಅವನು ನಕ್ಕ. ಅವಳು ನಗಲಿಲ್ಲ. ಬರಿಗೈಯಲ್ಲಿ ಹೊರಬಂದಳು.

ಡಯಾಲಿಸಿಸ್‌ನಲ್ಲಿ ಪಕ್ಕದ ಕುರ್ಚಿ ಒಬ್ಬ ಬಸ್ ಡ್ರೈವರನದು. ಅವನೂ ನಿವೃತ್ತ. ಅವಳು ತಮ್ಮನೊಂದಿಗೆ ಫೋನಿನಲ್ಲಿ ವಾದ ಮಾಡುವುದನ್ನು ಕೇಳಿಸಿಕೊಂಡು, ಒಂದು ದಿನ ಚೀಲದಿಂದ ಅಂಥದ್ದೇ ಯಂತ್ರ ತೆಗೆದು ಚಾಚಿದ.

“ಮೇಡಂ, ನನ್ನ ಹತ್ರ ಒಂದಿದೆ. ಲಾರಿ ಗೇಮೂ ಇದೆ. ಇಲ್ಲೇ ಆಡಿ ನೋಡಿ. ಬೇಕಾದ್ರೆ ಮನೇಗೂ ಒಯ್ಯಿರಿ.”

ಅವಳ ಎದೆಯಲ್ಲಿ ಗಂಟೆ ಬಾರಿಸಿದಂತಾಯಿತು. ಪರಿಚಯವಾಗಿ ಮೂರು ವಾರ ಆಗಿಲ್ಲ, ಇಂಥ ವಸ್ತುವನ್ನು ಯಾರು ಸುಮ್ಮನೆ ಕೊಡುತ್ತಾರೆ? ಕದ್ದದ್ದಿರಬಹುದು. ಕೆಟ್ಟದ್ದಿರಬಹುದು, ನಾಳೆ ‘ನೀವೇ ಕೆಡಿಸಿದ್ರಿ’ ಎಂದು ಕುತ್ತಿಗೆಗೆ ಕಟ್ಟಬಹುದು. ನರ್ಸನ್ನು ಕರೆದು, ಅವಳ ಎದುರಿಗೇ ಯಂತ್ರದ ಆರೂ ಮಗ್ಗುಲಿನ ಫೋಟೋ ತೆಗೆಸಿ, ಆಮೇಲೆ ಮನೆಗೆ ಒಯ್ದಳು. ಡ್ರೈವರ್ ಬೇಸರ ಮಾಡಿಕೊಳ್ಳಲಿಲ್ಲ. ಅದೂ ಅವಳಿಗೆ ಅನುಮಾನವೇ.

ಮನೆಯಲ್ಲಿ ಅಡುಗೆಮನೆಯ ತಕ್ಕಡಿಯ ಮೇಲಿಟ್ಟಳು: ಏಳುನೂರು ಗ್ರಾಂಗೆ ಸ್ವಲ್ಪ ಕಡಿಮೆ. ಗಡಿಯಾರ ಮುಂದಿಟ್ಟುಕೊಂಡು ಲಾರಿ ಓಡಿಸಿದಳು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಬ್ಯಾಟರಿ ಮಕಾಡೆ ಮಲಗಿತು. ಸಿಕ್ಕಿಬಿದ್ದ ಎಂದುಕೊಂಡಳು.

ಮುಂದಿನ ಡಯಾಲಿಸಿಸ್ ದಿನ ಸೂಜಿ ಚುಚ್ಚಿಸಿಕೊಂಡು ಕೂತವಳೇ ಬಲಗೈಯಲ್ಲಿ ಯಂತ್ರವನ್ನು ಅವನ ಮುಖಕ್ಕೆ ಹಿಡಿದಳು. “ಡ್ರೈವರಣ್ಣ, ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡ್ಕೊಂಡು ಬಂದೆ. ಅರ್ಧ ಗಂಟೆ ಕೂಡ ಆಡಿಲ್ಲ. ಈಗ ಎಷ್ಟಿದೆ ಅಂತ ನೀವೇ ಓದಿ ಹೇಳಿ. ಹಾಳಾದ ಬ್ಯಾಟರೀನ ನನ್ನ ತಲೆಗೆ ಕಟ್ಟೋಕೆ ನೋಡ್ತಿದ್ದೀರಲ್ವಾ?”

ಅವನು ಮುಖ ಎತ್ತಿದ. ಕಣ್ಣು ಪರದೆಯ ಪಕ್ಕಕ್ಕೆ, ಅವಳ ಭುಜದಾಚೆಗೆ ನೆಟ್ಟಿತ್ತು.

“ಎಲ್ಲಿ ಹಿಡಿದಿದ್ದೀರಿ ಮೇಡಂ?” ಎಂದ ಮೆಲ್ಲಗೆ. “ಸಕ್ಕರೆ ಕಾಯಿಲೆ ಎರಡು ಕಣ್ಣೂ ತಿಂತು. ಬೆಳಕು ಗೊತ್ತಾಗುತ್ತೆ, ಅಷ್ಟೆ. ಹೋದ ವರ್ಷ ಅದನ್ನ ತಗೊಂಡಾಗ ಚೆನ್ನಾಗೇ ಕಾಣ್ತಿತ್ತು.”

ಲಿಫ್ಟ್ ಅಕ್ಕನ ಕೈ ತಾನಾಗಿ ಇಳಿಯಿತು. ಬಾಯಿ ಮಾತ್ರ ಹಳೇ ಚಾಳಿ ಬಿಡಲಿಲ್ಲ. “ಹಂಗಾದ್ರೆ ನನಗ್ಯಾಕೆ ಕೊಟ್ರಿ?”

“ಪಕ್ಕದಲ್ಲಿ ಯಾರಾದ್ರೂ ಓಡಿಸಿದ್ರೆ ಇಂಜಿನ್ ಸದ್ದು ಕೇಳಬಹುದು ಅಂತ. ಇಲ್ಲೇ ಆಡಿ ಅಂದೆ. ನೀವು ಮನೆಗೆ ಒಯ್ದ್ರಿ.”

ಅವಳು ಆ ನಾಲ್ಕು ಗಂಟೆ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ.

ಆ ವಾರವೇ ಮತ್ತೆ ಅಂಗಡಿಗೆ ಹೋದಳು. ಈ ಸಲ ಪ್ರಶ್ನೆಗಳು ಬೇರೆ. ಗುಂಡಿಗಳ ಭಾಗ ಬಿಚ್ಚಿ ಬರುತ್ತದಾ? ಬಂದರೆ ಪರದೆಯನ್ನು ಮೇಜಿಗೆ ನಿಲ್ಲಿಸಿ, ಎಡ ತುಂಡನ್ನು ಅಲ್ಲಾಡದ ಕೈಯ ಬೆರಳಡಿಗೆ ಇಟ್ಟುಕೊಳ್ಳಬಹುದು. ಚಾರ್ಜರ್ ಚುಚ್ಚಿಕೊಂಡೇ ಆಡಬಹುದಾ? ಸ್ಪೀಕರ್ ಮುಂದಕ್ಕಿದೆಯಾ, ಬೆನ್ನಿಗಿದೆಯಾ? ಒಂದೊಂದರಲ್ಲೂ ಲಾರಿ ಗೇಮ್ ಹಾಕಿಸಿ, ಬೆನ್ನು ತಿರುಗಿಸಿ ಕಣ್ಣುಮುಚ್ಚಿ ನಿಂತು ಕೇಳಿದಳು. ಮೂರರಲ್ಲಿ ಫ್ಯಾನಿನ ಸದ್ದೇ ಇಂಜಿನ್ನನ್ನು ನುಂಗಿತು. ನಾಲ್ಕನೆಯದರಲ್ಲಿ ಗೇರ್ ಬದಲಾದದ್ದು ಸ್ಪಷ್ಟವಾಗಿ ಕೇಳಿಸಿತು. ಅದನ್ನೇ ಕೊಂಡಳು. ತಮ್ಮ ಮೊದಲ ದಿನ ಆರಿಸಿ ತೋರಿಸಿದ್ದೂ ಅದನ್ನೇ. ಈ ಸಂಗತಿಯನ್ನು ಅವನಿಗೆ ಇವತ್ತಿಗೂ ಹೇಳಿಲ್ಲ.

ಸೋಮವಾರ ವಾರ್ಡಿನಲ್ಲಿ ಲಾರಿ ಹೊರಟಿತು. ಸದ್ದು ಎರಡು ಕುರ್ಚಿ ದಾಟಬಾರದು ಎಂದು ನರ್ಸ್ ಕಟ್ಟಪ್ಪಣೆ ಮಾಡಿದ್ದಳು.

“ಮೇಡಂ, ಏರು ಬಂತು. ಇಂಜಿನ್ ಏದುಸಿರು ಬಿಡ್ತಿದೆ, ಗೇರ್ ಇಳಿಸಿ.”

ಏರು ಬಂದದ್ದು ನಿಜ. ಅವಳು ಅವನತ್ತ ಓರೆನೋಟ ಬೀರಿದಳು. ಕಾಣುವುದಿಲ್ಲ ಅಂದವನಿಗೆ ಏರು ಹೇಗೆ ಕಂಡಿತು? ಬಲಗೈಯ ತುಂಡನ್ನು ತೊಡೆಯ ಮೇಲಿಟ್ಟು, ಸದ್ದಿಲ್ಲದೆ ಮೂರು ಬೆರಳು ಎತ್ತಿ ಅವನ ಮುಖದ ಮುಂದೆ ಆಡಿಸಿದಳು. ಅವನ ರೆಪ್ಪೆ ಅಲುಗಲಿಲ್ಲ. ಮೂಲೆಯಿಂದ ನರ್ಸ್ ನೋಡುತ್ತಿದ್ದಳು. ಲಿಫ್ಟ್ ಅಕ್ಕ ಬೆರಳುಗಳನ್ನು ಮಡಚಿ ಮೂಗು ಕೆರೆದುಕೊಂಡಳು.

“ಯಾಕೆ ನಿಲ್ಸಿದ್ರಿ?” ಎಂದ ಡ್ರೈವರ್. “ಹಿಂದೆ ಹಾರ್ನ್ ಹೊಡೀತಿದ್ದಾರೆ.”

“ಹೊಡೀಲಿ ಬಿಡಿ” ಎಂದು ಅವಳು ಗೇರ್ ಇಳಿಸಿದಳು.