ನಾಯಿಯ ರೆಪ್ಪೆ ಇಳಿಸಿ ನೋಡುತ್ತಿದ್ದ ಕಾಂಪೌಂಡರು

ಎಂಬತ್ತರ ದಶಕದಲ್ಲಿ ನ್ಯಾಮತಿಯ ದನದ ಆಸ್ಪತ್ರೆಯಲ್ಲಿ ಒಬ್ಬ ಕಾಂಪೌಂಡರಿದ್ದರು. ಯಾವ ನಾಯಿ ಬಂದರೂ ಮೊದಲು ಹೆಬ್ಬೆರಳಿನಿಂದ ಅದರ ರೆಪ್ಪೆ ಇಳಿಸಿ ನೋಡುವರು. "ಕಣ್ಣೇ ಹೇಳ್ತೈತ್ರೀ" ಎನ್ನುವುದು ಅವರ ಮಾತು.

ಅವರೇ ಲಸಿಕೆ ಹಾಕಿದ್ದ ನಮ್ಮ ನಾಯಿ ಕೆಂಚನಿಗೆ ಇಲಿಜ್ವರ ಬಂದು, ಕಣ್ಣು ಅರಿಶಿನದ ಹಾಗಾಯಿತು. ಕೂಳು ಬಿಟ್ಟು ಮಲಗಿತು. ಕಾಂಪೌಂಡರನ್ನು ಮನೆಗೆ ಕರೆಸಿದೆವು.

"ನೀವು ಚುಚ್ಚಿದ್ದು ಬರೀ ನೀರೇನ್ರೀ?" ಎಂದು ನನ್ನಾಕೆ ಸಿಡುಕಿದಳು.

"ನೀರಲ್ಲ ಅಕ್ಕಾ. ಅದು ಎಲ್ಲಿಯದೋ ಕ್ರಿಮಿ ನೋಡಿ ಮಾಡಿದ ಲಸಿಕೆ. ನಮ್ಮ ಗದ್ದೆ ಇಲಿ ಹರಡೋ ಕ್ರಿಮಿ ಬೇರೆ ಜಾತಿ ಐತೇನೋ. ಇಲ್ಲೀದನ್ನ ನೋಡಿ ಮಾಡಿದ್ರೆ ಇಲ್ಲಿಗೆ ನಾಟ್ತೈತೆ," ಎಂದು ಅವರು ಕೆಂಚನ ರಕ್ತ ತೆಗೆದು, ಪರೀಕ್ಷೆಗೆಂದು ಶಿವಮೊಗ್ಗದ ಬಸ್ಸಿಗೆ ಕೊಟ್ಟರು. ಆಮೇಲೆ ಐದು ದಿನ ಸೈಕಲ್ಲಿನಲ್ಲಿ ಬಂದು ಪೆನಿಸಿಲಿನ್ ಕೊಟ್ಟರು.

ಆರನೆಯ ದಿನ ಕೆಂಚ ಎದ್ದು, ಗೇಟಿನಲ್ಲೇ ಅವರನ್ನು ತಡೆದು ಬೊಗಳಿತು.

"ಒಳಗೆ ಬರ್ರಿ, ಚಾ ಆಗೈತೆ," ಎಂದಳು ನನ್ನಾಕೆ.

"ಬರಾಕೆ ಇವನು ಬಿಡಬೇಕಲ್ಲಕ್ಕಾ!" ಎಂದು ಅವರು ಗೇಟಿನಾಚೆಯೇ ನಿಂತು ನಕ್ಕರು.