ಮಿಸ್ತ್ರಿ ಕಾಕಾ ಕಟ್ಟಿಕೊಟ್ಟ ಕಂಪ್ಯೂಟರು

ಅವರ ಬಲಗೈಯ ತೋರುಬೆರಳಿಗೆ ತುದಿಯೇ ಇರಲಿಲ್ಲ. ಪವರ್‌ಲೂಮ್ ಮಗ್ಗ ರಿಪೇರಿ ಮಾಡುತ್ತಿದ್ದ ದಿನಗಳಲ್ಲಿ ಹಲ್ಲಿನ ಗಾಲಿಯೊಂದು ಅದನ್ನು ಕಚ್ಚಿಕೊಂಡು ಹೋಗಿತ್ತಂತೆ. ಓಡುತ್ತಿರುವ ಕಂಪ್ಯೂಟರಿನೊಳಗೆ ಆ ಮೋಟುಬೆರಳನ್ನು ಅವರು ಮೊದಲ ಸಲ ತೂರಿಸಿದಾಗ ನಾನು ಕಿಟಾರನೆ ಕಿರುಚಿದ್ದೆ. "ಅಂಜಬ್ಯಾಡವ್ವಾ, ಜ್ವರ ನೋಡಾಕತ್ತೇನಿ," ಎಂದು ನಕ್ಕಿದ್ದರು.

ಬನಹಟ್ಟಿಯಲ್ಲಿ ನಮ್ಮದು ಆರು ಮಗ್ಗದ ಮನೆ. ನಾನು ಗ್ರಾಫ್ ಹಾಳೆಯ ಮೇಲೆ ಸೀರೆಯ ದಡಿಗೆ ನಕ್ಷೆ ಬರೆಯುತ್ತಿದ್ದೆ. ಒಂದು ಬಳ್ಳಿ ತಪ್ಪಿದರೆ ಇಡೀ ಹಾಳೆ ಮತ್ತೆ ಮೊದಲಿನಿಂದ. ಕಂಪ್ಯೂಟರ್ ಬೇಕೆಂದು ಗೋಗರೆದೂ ಗೋಗರೆದೂ ಸಾಕಾದ ಮೇಲೆ ಅಪ್ಪ ಒಪ್ಪಿದ. ಅದೂ ಬೆದರಿಸಿಯೇ: "ಒಮ್ಮೆ ಕೆಟ್ಟು ಕುಂತ್ರ ಆ ಪೆಟ್ಟಿಗಿನೂ ಈ ಮನ್ಯಾಗ ಇರಂಗಿಲ್ಲ, ಕೆಡಿಸಿದವರೂ ಇರಂಗಿಲ್ಲ." ಅಪ್ಪ ಅಂದದ್ದನ್ನು ಮಾಡುವವನೇ. ಅವ್ವ ಅವನೆದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಕೈಯಲ್ಲಿದ್ದ ಹಣಕ್ಕೆ ಅಂಗಡಿಯ ಕಂಪ್ಯೂಟರ್ ಬರುತ್ತಿರಲಿಲ್ಲ. ಮಗ್ಗದ ಕೆಲಸ ಬಿಟ್ಟು ಕಂಪ್ಯೂಟರ್ ಜೋಡಿಸಲು ಕಲಿತಿದ್ದ, ಊರೆಲ್ಲ ಮಿಸ್ತ್ರಿ ಕಾಕಾ ಎನ್ನುತ್ತಿದ್ದ ಇವರೇ ಗತಿ. ಹಳೆಯ ಮಾನಿಟರ್, ಯಾರೋ ಬಳಸಿ ಬಿಟ್ಟ ಕೀಬೋರ್ಡ್, ಒಂದು ಮಗ್ಗುಲು ತಗ್ಗಾದ ಡಬ್ಬಿ ತಂದಿಟ್ಟರು. ನನ್ನ ಮುಖ ಸಪ್ಪಗಾಯಿತು. ಆದರೆ ಪವರ್ ಸಪ್ಲೈ, ಒಳಗಿನ ಬೋರ್ಡು, ಫ್ಯಾನು ಮಾತ್ರ ಹೊಚ್ಚ ಹೊಸವು. ಹುಬ್ಬಳ್ಳಿಯಿಂದ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. "ಕಣ್ಣಿಗೆ ಕಾಣೂದ್ರಾಗ ರೊಕ್ಕ ಉಳಸವ್ವಾ. ಕಾಣಲಾರದ್ರಾಗ ಉಳಸಬ್ಯಾಡ." ಇದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು.

ಜೋಡಿಸಿದ ರೀತಿಯಂತೂ ಇನ್ನೂ ವಿಚಿತ್ರ. ಡಬ್ಬಿಯ ತೂತುಗಳಿಗೆಲ್ಲ ಟೇಪು ಅಂಟಿಸಿದರು! ಬಿಸಿಗಾಳಿ ಹೊರಹೋಗಲು ಹಿಂದೆ ಒಂದು, ಫ್ಯಾನಿನ ಮುಂದೆ ಒಂದು ಮಾತ್ರ ಬಿಟ್ಟು, ಫ್ಯಾನಿನ ಮುಂದಿನದಕ್ಕೆ ತೆಳು ಹತ್ತಿ ಬಟ್ಟೆ ಬಿಗಿದರು. ಗಾಳಿ ಒಳಗೆ ಹೋಗಬೇಕು, ಮಗ್ಗದ ನೂಲಿನ ಧೂಳು ಹೋಗಬಾರದು. ಮಗ್ಗದ ನಡುಕಕ್ಕೆ ವೈರುಗಳು ಸಡಿಲಾಗುತ್ತವೆಂದು ಒಂದೊಂದನ್ನೂ ನೂಲಿನಿಂದ ನೇಕಾರರ ಗಂಟು ಹಾಕಿ ಕಟ್ಟಿದರು. ಕಂಪ್ಯೂಟರಿಗೆ ನೂಲು ಕಟ್ಟಿದ್ದನ್ನು ಯಾರಾದರೂ ಕಂಡಿದ್ದೀರಾ? "ಅಮಾಸಿಗೊಮ್ಮೆ ಮಗ್ಗ ನಿಲ್ಲಿಸಿ ಪೂಜಾ ಮಾಡ್ತೀರಲ್ಲ, ಅವತ್ತ ಈ ಬಟ್ಟಿ ಒಗದು ಹಾಕ್ರಿ. ಮತ್ತೇನೂ ಬ್ಯಾಡ," ಎಂದು ಹೇಳಿ ಹೋದರು. ಮೊದಮೊದಲು ನಾನೇ ಒಗೆಯುತ್ತಿದ್ದೆ. ಕೆಲಸ ಹೆಚ್ಚಿದ ಮೇಲೆ ಒಂದು ಅಮಾವಾಸ್ಯೆಗೆ ಅವ್ವನ ಕೈಗೆ ಕೊಟ್ಟೆ.

ಅದರ ಮರುದಿನವೇ ನೇಕಾರರ ಸೊಸೈಟಿಯ ಇಬ್ಬರು ಹಿರಿಯರು ನಮ್ಮ ಕಂಪ್ಯೂಟರ್ ನೋಡಲು ಬಂದರು. ಸೊಸೈಟಿಗೂ ಕಂಪ್ಯೂಟರ್ ಬೇಕಿದ್ದವು. ಇದು ಮನಸ್ಸಿಗೆ ಬಂದರೆ ಆ ಕೆಲಸವೆಲ್ಲ ಕಾಕಾಗೆ. ಪಾಪ, ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಹತ್ತು ನಿಮಿಷವಾಗಿರಲಿಲ್ಲ, ಪರದೆ ಟಕ್ಕನೆ ಕಪ್ಪಾಯಿತು. ಮತ್ತೆ ಹಚ್ಚಿದೆ, ಮತ್ತೆ ಹೋಯಿತು. ಮೂರನೆಯ ಸಲ ಕಾದ ವಾಸನೆ ಬಂತು. ಅಪ್ಪ ಬಾಗಿಲಲ್ಲೇ ನಿಂತಿದ್ದ. ನಾನು ಕಾಕಾನತ್ತ ತಿರುಗಿದೆ.

"ಕೆಟ್ಟ ಸಾಮಾನು ತುಂಬಿ ನನಗ ಟೋಪಿ ಹಾಕೀರಿ!" ಎಂದು ಓಣಿಗೆಲ್ಲ ಕೇಳುವಂತೆ ಚೀರಿದೆ.

ಕಾಕಾ ಡಬ್ಬಿ ಬಿಚ್ಚಿದರು. ಆ ಬಟ್ಟೆಯನ್ನು ಮೋಟುಬೆರಳಿನಿಂದ ಒತ್ತಿ ನೋಡಿದರು. ಚಹಾ ಹಿಡಿದು ನಿಂತಿದ್ದ ಅವ್ವನನ್ನೊಮ್ಮೆ, ಬಾಗಿಲಲ್ಲಿದ್ದ ಅಪ್ಪನನ್ನೊಮ್ಮೆ ನೋಡಿ, ಬಟ್ಟೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ತಪ್ಪ ನಂದ್ರಿ ಮಾಲಕರ. ಫ್ಯಾನ್ ಕಡಿಮಿ ರೊಕ್ಕದ್ದು ಹಾಕಿದ್ದೆ. ಕಾಣಲಾರದ್ರಾಗ ಉಳಿಸಿಬಿಟ್ಟೆ. ನಾಳೆ ಬದಲಿ ಮಾಡಿಕೊಡ್ತೇನಿ."

ಹಿರಿಯರು ಚಹಾ ಮುಟ್ಟದೆ ಎದ್ದರು. ಸೊಸೈಟಿಯ ಕೆಲಸ ಬೇರೆ ಯಾರದೋ ಪಾಲಾಯಿತು. ಮರುದಿನ ಕಾಕಾ ಹೊಸ ಫ್ಯಾನು, ಹೊಸ ಬಟ್ಟೆ ಹಾಕಿಕೊಟ್ಟರು. ಆಮೇಲೆ ಏಳು ವರ್ಷ ಆ ಕಂಪ್ಯೂಟರ್ ಒಂದು ದಿನವೂ ಕೈಕೊಡಲಿಲ್ಲ. ಪ್ರತಿ ಅಮಾವಾಸ್ಯೆಗೆ ಅವರೇ ಸೈಕಲ್ ಮೇಲೆ ಬಂದು ಬಟ್ಟೆ ಬದಲಿಸುತ್ತಿದ್ದರು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಯಾರಾದರೂ ಕೇಳಿದರೆ "ಮನಷ್ಯಾ ಛಲೋ, ಆದ್ರ ಕಣ್ಣಿಟ್ಟಿರಬೇಕು ನೋಡ್ರಿ" ಎನ್ನುತ್ತಿದ್ದೆ. ಈಗ ನೆನೆದರೆ ನನ್ನ ನಾಲಿಗೆ ಕಿತ್ತಿಡಬೇಕೆನಿಸುತ್ತದೆ.

ಎದೆನೋವು ಬಂದು ಅವರು ಹೋದ ಸುದ್ದಿ ತಲುಪಿದ ಬೆಳಿಗ್ಗೆ ನಾನು ಅದೇ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕುಸಿದಳು.

"ಅವತ್ತ ಆ ಬಟ್ಟಿಗೆ ನಾ ಗಂಜಿ ಹಾಕಿದ್ದೆ."

ನೂಲಿಗೂ ಗಂಜಿ, ಧೋತರಕ್ಕೂ ಗಂಜಿ. ನಮ್ಮ ಮನೆಯಲ್ಲಿ ಗಂಜಿ ಕುಡಿಯದೆ ಹತ್ತಿ ಬಟ್ಟೆ ಹಗ್ಗ ಹತ್ತುತ್ತಿರಲಿಲ್ಲ. ಅವ್ವ ರೂಢಿಯಂತೆ ಅದ್ದಿದ್ದಾಳೆ. ಗಂಜಿಗೆ ಬಟ್ಟೆ ಹಪ್ಪಳವಾಗಿದೆ, ಗಾಳಿ ಹೋಗದೆ ಯಂತ್ರ ಕಾದು ನಿಂತಿದೆ. ಒಂದೇ ಸಲ ಒತ್ತಿದ್ದಕ್ಕೆ ಕಾಕಾಗೆ ಎಲ್ಲ ಗೊತ್ತಾಗಿದೆ!

"ಮರುದಿನ ಬಂದಾಗ ಮೆಲ್ಲಕ ಹೇಳಿದ್ರು: 'ಅಕ್ಕಾರ, ಇದಕ್ಕ ಬರೇ ನೀರು ಸಾಕು. ಮಾಲಕರಿಗೆ ಹೇಳಾಕ ಹೋಗಬ್ಯಾಡ್ರಿ.' ನಾ ನಿಮ್ಮಪ್ಪಗ ಅಂಜಿ ಬಾಯಿ ಮುಚ್ಚಿಕೊಂಡು ಕುಂತೆ."

ಪಕ್ಕದ ರಬಕವಿಯಲ್ಲಿದ್ದ ಕಾಕಾನ ಮನೆಗೆ ಅಪ್ಪ, ಅವ್ವ, ನಾನು ಮೂವರೂ ಹೋದೆವು. ಸೊಸೈಟಿಯ ಆ ಹಿರಿಯರಲ್ಲಿ ಒಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ಅಂದು ಓಣಿಗೆಲ್ಲ ಕೇಳುವಂತೆ ಚೀರಿದ್ದವಳು ನಾನು. ಇಂದು ಮಾತಾಡಿದವಳು ಅವ್ವ. ಅಪ್ಪನ ಎದುರಿಗೇ, ಅಷ್ಟು ಜನರ ಎದುರಿಗೇ.

"ಅವತ್ತ ಕಂಪ್ಯೂಟರ್ ಕೆಟ್ಟಿದ್ದು ಇವರಿಂದ ಅಲ್ರಿ. ಬಟ್ಟಿಗೆ ಗಂಜಿ ಹಾಕಿ ಕೆಡಿಸಿದಾಕಿ ನಾನು."

ಹೆಣದ ಪಕ್ಕ ಕುಳಿತಿದ್ದ ಕಾಕಾನ ಹೆಂಡತಿ ನಿಧಾನಕ್ಕೆ ತಲೆ ಎತ್ತಿದರು.

"ಖರೇನ ಏನ್ರಿ? ಮನ್ಯಾಗೂ ಫ್ಯಾನಿನ ತಪ್ಪಂತನ ಹೇಳಿದ್ರು. ನಾನೂ ಬೈದಿದ್ದೆ."