ರಿವರ್ಸ್ ಹಾಕದ ಹನುಮಣ್ಣ

ಹನುಮಣ್ಣ ಗಾಡಿಯನ್ನು ರಿವರ್ಸ್ ತೆಗೆಯುತ್ತಿರಲಿಲ್ಲ. ತಪ್ಪು ಕ್ರಾಸಿಗೆ ನುಗ್ಗಿಬಿಟ್ಟರೆ, ನಾಲ್ಕು ಮಾರು ಹಿಂದಕ್ಕೆ ಬರುವ ಬದಲು ಇಡೀ ಪದ್ಮನಾಭನಗರ ಸುತ್ತಿ, ದಾರಿಯಲ್ಲಿ ಸಿಕ್ಕ ದೇವಸ್ಥಾನಕ್ಕೆಲ್ಲ ಕೂತಲ್ಲಿಂದಲೇ ಕೈ ಮುಗಿದು, ಕಾಫಿಪುಡಿಯನ್ನೂ ಕೊಂಡು, ಹೊರಟ ಜಾಗಕ್ಕೇ ಬಂದು ಸೇರುತ್ತಿದ್ದರು. ಒಮ್ಮೆ ಹಲ್ಲುನೋವಿನಿಂದ ಒದ್ದಾಡುತ್ತಿದ್ದ ನನ್ನನ್ನು ಯಡಿಯೂರಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಕಾರು ಕ್ಲಿನಿಕ್ಕಿನ ಬಾಗಿಲು ದಾಟಿ ಒಂಚೂರು ಮುಂದೆ ಹೋಯಿತು. “ಹನುಮಣ್ಣ, ಅಲ್ಲೇ ಇತ್ತು!” ಎಂದೆ, ದವಡೆ ಹಿಡಿದುಕೊಂಡೇ. “ಬಂದ್ವಿ ಇರಿ ಮೇಡಂ” ಎಂದವರು ನನ್ನ ಹಲ್ಲಿನ ಸಮೇತ ಯಡಿಯೂರು ಕೆರೆಗೆ ಪ್ರದಕ್ಷಿಣೆ ಹಾಕಿಸಿದರು.

ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು. “ಎತ್ತು ಹಿಂದಕ್ಕೆ ನಡೀತದಾ ಮೇಡಂ? ಹಂಗೇನಾದ್ರೂ ನಡೆದ್ರೆ ಬೆದರೈತೆ ಅಂತ ಅರ್ಥ. ಬೆದರಿದ ಗಾಡಿನ ನಾನು ಓಡಿಸಲ್ಲ.”

ಚಿಕ್ಕಲಸಂದ್ರದ ಅವರ ಮನೆಯ ಮೊದಲನೇ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ, ಈಗಲೂ ಇದ್ದೇನೆ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವಳು. ಹನುಮಣ್ಣನವರ ಪ್ರಕಾರ ಫಿಸಿಕ್ಸ್ ಅಂದರೆ ಮಿಕ್ಸಿ ಕೆಟ್ಟರೂ, ಗೋಡೆ ಬಿರುಕು ಬಿಟ್ಟರೂ, ದೋಸೆ ಹಿಟ್ಟು ಹುಳಿ ಬರದಿದ್ದರೂ ಉತ್ತರ ಹೇಳಬೇಕಾದ ವಿದ್ಯೆ. ಅವರಪ್ಪನ ಕಾಲದಲ್ಲಿ ಅಲ್ಲೆಲ್ಲ ರಾಗಿ ಹೊಲವಂತೆ. ಈಗ ಹೊಲದ ಮೇಲೆ ಬಾಡಿಗೆ ಮನೆಗಳು. ಮನೆಯ ಪಕ್ಕದ ಒಂದು ಸೈಟನ್ನು ಮಾತ್ರ ಅವರು ಕಟ್ಟದೆ ಖಾಲಿ ಬಿಟ್ಟಿದ್ದರು. ಅದಕ್ಕೆ ಎರಡು ಗೇಟು, ನಮ್ಮ ಕ್ರಾಸಿನ ಕಡೆಗೊಂದು, ಹಿಂದಿನ ಮೇನ್ ರೋಡಿನ ಕಡೆಗೊಂದು. ಗಾಡಿ ಒಂದರಲ್ಲಿ ಒಳಗೆ ಬಂದು ಇನ್ನೊಂದರಲ್ಲಿ ಹೊರಗೆ ಹೋಗಬೇಕು, ಅಷ್ಟಕ್ಕೇ ಆ ಸೈಟು. ಬಿಲ್ಡರುಗಳು ಕೇಳಿ ಕೇಳಿ ಸುಸ್ತಾದರು. “ಅದು ಸೈಟಲ್ಲ ಕಣಪ್ಪ, ನನ್ನ ದಾರಿ” ಎನ್ನುತ್ತಿದ್ದರು. ಊರಿನವರು ಹುಚ್ಚು ಅಂದರು. ನಾನೂ ಅಂದೆ, ಸುಳ್ಳು ಯಾಕೆ ಹೇಳಲಿ.

ಓಡಾಟವೆಂದರೆ ಪ್ರಾಣವಾದರೂ ಹನುಮಣ್ಣ ಒಂದು ರಾತ್ರಿಯೂ ಊರು ಬಿಟ್ಟಿದ್ದವರಲ್ಲ. ಕಾರಣ ನೀರು. ಕಾವೇರಿ ನೀರು ಯಾವಾಗ ಬರುತ್ತದೋ, ಸಂಪು ಯಾವಾಗ ತುಂಬುತ್ತದೋ, ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಲು ಅವರು ಇರಲೇಬೇಕು. “ಬಾಡಿಗೆಯೋರು ಊಟಿ, ಕೊಡೈಕೆನಾಲ್ ಅಂತ ಸುತ್ತುತಾವ್ರೆ. ಓನರ್ರು ಮಾತ್ರ ಸ್ವಿಚ್ ಪಕ್ಕ ಬಿದ್ದಿರಬೇಕು, ಹೆಂಗೈತೆ ನೋಡಿ ನ್ಯಾಯ!” ಎಂದು ನನ್ನ ಸೂಟ್‌ಕೇಸನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ ಯಾರೋ ಬಂದು ತಾನೇ ಆನ್ ಆಗಿ ತಾನೇ ಆಫ್ ಆಗುವ ಸ್ವಿಚ್ಚೊಂದನ್ನು ಹಾಕಿಕೊಟ್ಟರು. ಹನುಮಣ್ಣ ಅದರ ಮುಂದೆ ಕುರ್ಚಿ ಹಾಕಿಕೊಂಡು ಒಂದು ವಾರ ಪರೀಕ್ಷೆ ಮಾಡಿದರು. ಮರುವಾರ ಸೈಟಿನಲ್ಲಿ ಹಳೆಯ ಸ್ಕೂಲ್ ಬಸ್ಸೊಂದು ನಿಂತಿತ್ತು.

ಅದೇ ಮುಂದೆ ಮನೆಗಾಡಿಯಾಯಿತು. ಒಳಗೆ ಮಂಚ, ಗ್ಯಾಸ್ ಒಲೆ, ಪುಟ್ಟ ಬಚ್ಚಲು, ನೀರಿನ ಟ್ಯಾಂಕು, ದೇವರ ಗೂಡು. ಇದೆಲ್ಲ ಅವರ ಹೆಂಡತಿ ಲಕ್ಷ್ಮಮ್ಮನವರಿಗಾಗಿ. ಆಕೆಗೆ ಹೋಟೆಲಿನ ಹಾಸಿಗೆ ಆಗದು, ಕಂಡವರ ಬಚ್ಚಲು ಮೊದಲೇ ಆಗದು. “ಮದುವೆ ಹೊಸದ್ರಲ್ಲಿ ಸಮುದ್ರ ತೋರಿಸ್ತೀನಿ ಅಂದಿದ್ದೆ ಮೇಡಂ. ಮರೆತಿದ್ರೆ ಪರವಾಗಿಲ್ಲ. ಮರೆತಿಲ್ಲ” ಎಂದು ಹನುಮಣ್ಣ ದನಿ ತಗ್ಗಿಸಿ ಹೇಳಿದ್ದರು.

ಲಕ್ಷ್ಮಮ್ಮನವರು ಮನೆಗಾಡಿಯನ್ನು ಸುತ್ತಲೂ ನೋಡಿ, ಒಲೆ ಹಚ್ಚಿ ನೋಡಿ, ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ, ಕೆಳಗಿಳಿದು ಒಂದೇ ಮಾತು ಹೇಳಿದರು. “ಚೆನ್ನಾಗೈತೆ. ಆದ್ರೆ ನಿಮ್ಮ ಬಸ್ಸು ಗಲ್ಲಿಗೆ ಹೋಗಲ್ಲ, ನನ್ನ ಮಂಡಿ ನಡೆಯಲ್ಲ. ಬಸ್ಸನ್ನ ಊರಾಚೆ ನಿಲ್ಲಿಸಿ ದೇವಸ್ಥಾನಕ್ಕೆ ನಾನೇನು ಉರುಳುಸೇವೆ ಮಾಡ್ಕೊಂಡು ಹೋಗ್ಲಾ? ನನ್ನ ಕಾರು ಬಂದ್ರೆ ನಾನು ಬರ್ತೀನಿ.”

ಅವರ ಕಾರು ಅಂದರೆ ಒಂದು ಪುಟ್ಟ ಕೆಂಪು ಕಾರು. ಐವತ್ತು ದಾಟಿದ ಮೇಲೆ ಹಟ ಹಿಡಿದು ಓಡಿಸಲು ಕಲಿತದ್ದು. ತರಕಾರಿಗೂ ಅದೇ, ತಂಗಿಯ ಮನೆಗೂ ಅದೇ. ಸಂದಿಗೊಂದಿಯಲ್ಲಿ ಆಕೆ ರಿವರ್ಸ್ ತೆಗೆಯುವುದನ್ನು ನೋಡುವುದೇ ಒಂದು ಸೊಗಸು. ಹನುಮಣ್ಣ ಅದನ್ನು ನೋಡುತ್ತಿರಲಿಲ್ಲ, ಬೇಕೆಂದೇ ಒಳಗೆ ಹೋಗಿಬಿಡುತ್ತಿದ್ದರು.

“ಆಂಟಿ ಕಾರಲ್ಲಿ ಹಿಂದೆ ಬರಲಿ ಬಿಡಿ” ಎಂದು ನಾನು ಸುಲಭದ ದಾರಿ ಹೇಳಿದೆ. ಹನುಮಣ್ಣ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. “ಒಟ್ಟಿಗೆ ಹೋಗಾಣ ಅಂತ ಗಾಡಿ ಮಾಡ್ಸಿದ್ದು ಮೇಡಂ. ಅವಳು ಹಿಂದೆ ಒಬ್ಬಳೇ ಬಂದ್ರೆ ನಾನು ಯಾರ ಹತ್ರ ಮಾತಾಡಲಿ, ಸ್ಟೇರಿಂಗ್ ಹತ್ರನಾ? ಕಾರನ್ನ ಗಾಡಿ ಹಿಂದೆ ಕಟ್ಕೊಂಡು ಹೋಗ್ತೀನಿ. ಗಾಡಿ ಹಿಂದೆ ಹಸು ಕಟ್ಟಿ ಹೊಸಕೋಟೆ ಸಂತೆಯಿಂದ ಹೊಡ್ಕೊಂಡು ಬಂದಿರೋರು ನಾವು. ಕಾರು ಯಾವ ಮಹಾ?”

ಅಲ್ಲಿಂದ ಶುರುವಾಯಿತು. ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮೆಟ್ಟಿಲ ಬಳಿ ಹನುಮಣ್ಣ, ಕೈಯಲ್ಲಿ ಮೊಬೈಲು, ಅದರಲ್ಲಿ ಯಾವುದೋ ದೇಶದವರು ಕಾರು ಕಟ್ಟಿಕೊಂಡು ಹೋಗುವ ವಿಡಿಯೊ. ಮೂರು ದಾರಿ ಇದೆಯೆಂದು ಅವರೇ ಕಂಡುಕೊಂಡಿದ್ದರು. ನಾಲ್ಕೂ ಚಕ್ರ ನೆಲದ ಮೇಲಿರುವಂತೆ ಕಬ್ಬಿಣದ ಬಾರ್ ಹಾಕಿ ಎಳೆಯುವುದು ಒಂದು. ಮುಂದಿನ ಎರಡು ಚಕ್ರವನ್ನು ಪುಟ್ಟ ತಳ್ಳುಗಾಡಿಯಂಥದ್ದರ ಮೇಲೆ ಏರಿಸಿ, ಹಿಂದಿನವನ್ನು ಉರುಳಲು ಬಿಡುವುದು ಇನ್ನೊಂದು. ಇಡೀ ಕಾರನ್ನೇ ಟ್ರೈಲರ್ ಮೇಲೆ ಹತ್ತಿಸಿ ಕಟ್ಟುವುದು ಮೂರನೆಯದು. “ಮಗೂನ ಕರ್ಕೊಂಡು ಹೋದಂಗೆ ಮೇಡಂ. ಕೈ ಹಿಡಿದು ನಡೆಸಬೌದು, ರೆಟ್ಟೆ ಹಿಡಿದು ಎತ್ತಬೌದು, ಇಲ್ಲಾ ಕಂಕುಳಲ್ಲಿ ಇಟ್ಕೋಬೌದು. ಫಿಸಿಕ್ಸ್ ಏನನ್ನತ್ತೆ?”

ಫಿಸಿಕ್ಸ್ ಹೇಳಬೇಕಾದ್ದನ್ನು ಹೇಳಿತು. ಟ್ರೈಲರ್ ಆದರೆ ಕಾರಿಗೆ ಸವೆತವಿಲ್ಲ, ಆದರೆ ಟ್ರೈಲರಿನದೇ ತೂಕ ಬೇರೆ, ಅದಕ್ಕೆ ರಿಜಿಸ್ಟ್ರೇಷನ್ ಬೇರೆ, ಊರು ಸೇರಿದ ಮೇಲೆ ಅದನ್ನು ನಿಲ್ಲಿಸಲು ಜಾಗ ಬೇರೆ. ತಳ್ಳುಗಾಡಿಯದೂ ಅದೇ ತಾಪತ್ರಯ. ಬಾರ್ ಹಗುರ, ಆದರೆ ಹಿಂದಿನ ಕಾರಿಗೆ ಬ್ರೇಕ್ ಹಾಕುವವರಿಲ್ಲ. “ಇಳಿಜಾರಿನಲ್ಲಿ ಕಾರು ನಿಮ್ಮನ್ನೇ ಮುಂದಕ್ಕೆ ತಳ್ಳುತ್ತೆ” ಎಂದೆ. “ಹೆಂಡ್ತಿ ಕಾರಲ್ವಾ, ತಳ್ಳಲೇಬೇಕು” ಎಂದರು. “ಕೆಟ್ಟು ನಿಂತ ಗಾಡಿನ ಮಾತ್ರ ಹೀಗೆ ಎಳೀಬಹುದಂತೆ, ಓಡೋ ಗಾಡಿನ ಎಳೆಯೋದಕ್ಕೆ ಕಾನೂನು ಒಪ್ಪಲ್ಲವಂತೆ” ಎಂದೆ. “ಯಾರಾದ್ರೂ ಕೇಳಿದ್ರೆ ಕೆಟ್ಟೋಗೈತೆ ಅಂತೀನಿ.” ಅಡುಗೆಮನೆಯ ಕಿಟಕಿಯಿಂದ ಲಕ್ಷ್ಮಮ್ಮನವರ ದನಿ ಬಂತು. “ನನ್ನ ಕಾರು ಕೆಟ್ಟೋಗೈತೆ ಅಂತ ಅಂದ್ ನೋಡಿ!”

ಕೊನೆಯ ಅಸ್ತ್ರ ಪ್ರಯೋಗಿಸಿದೆ. “ಬಾರ್ ಹಾಕಿ ಕಟ್ಟಿದರೆ ರಿವರ್ಸ್ ತೆಗೆಯೋಕೇ ಆಗಲ್ಲ ಹನುಮಣ್ಣ, ಕಾರು ಅಡ್ಡ ತಿರುಗಿಬಿಡುತ್ತೆ.”

ಅವರ ಮುಖ ಬೆಳಗಿಬಿಟ್ಟಿತು. “ಆಗಲ್ವಾ? ಹಂಗಾದ್ರೆ ನನಗೆ ಹೇಳಿ ಮಾಡ್ಸಿದಂಗೈತೆ!” ಮರುದಿನವೇ ವೆಲ್ಡಿಂಗ್ ಅಂಗಡಿಗೆ ಹೋಗಿ ಬಾರ್ ಮಾಡಿಸಿ ತಂದರು.

ಪರೀಕ್ಷೆಗೆಂದು ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ಮನೆಗಾಡಿಯಲ್ಲಿ ಹನುಮಣ್ಣ, ಪಕ್ಕದಲ್ಲಿ ಫಿಸಿಕ್ಸಿನ ಲೆಕ್ಕದಲ್ಲಿ ನಾನು. ಹಿಂದಿನ ಕಾರಿನಲ್ಲಿ, ಮೊದಲ ಸಲಕ್ಕೆ ಸ್ಟೇರಿಂಗ್ ಹಿಡಿಯಲು ಯಾರಾದರೂ ಇರಲೆಂದು, ಲಕ್ಷ್ಮಮ್ಮನವರು. ಮೇನ್ ರೋಡ್ ಸೇರುವುದೇ ತಡ, ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದ. “ಏನಾಯ್ತು ಅಂಕಲ್, ಬ್ಯಾಟರಿನಾ?” ಆಟೋದವರು, “ಅಣ್ಣ, ಇಲ್ಲೇ ಮುಂದೆ ಒಳ್ಳೆ ಮೆಕ್ಯಾನಿಕ್ ಅವ್ನೆ” ಎಂದರು. ಹೂವಿನವಳು ಲಕ್ಷ್ಮಮ್ಮನವರ ಕಿಟಕಿಗೇ ಬಗ್ಗಿ ಲೊಚಗುಟ್ಟಿದಳು. ಕನ್ನಡಿಯಲ್ಲಿ ನೋಡಿದೆ, ಕೆಂಪು ಕಾರಿಗಿಂತ ಅದರೊಳಗಿನ ಮುಖ ಕೆಂಪಾಗಿತ್ತು.

ಜನರ ಕಾಟ ತಪ್ಪಿಸಲು ಹನುಮಣ್ಣ ಒಂದು ಕ್ರಾಸಿಗೆ ತಿರುಗಿಸಿದರು. ಸ್ವಲ್ಪ ಮುಂದೆ ಹೋದರೆ ರಸ್ತೆಯ ಅಡ್ಡಕ್ಕೆ ಶಾಮಿಯಾನ! ಯಾರದೋ ಮನೆಯ ನಾಮಕರಣ. ನಡುರಸ್ತೆಯಲ್ಲೇ ಒಲೆ, ಬಾಣಲೆ ತುಂಬ ಕುದಿಯುವ ಎಣ್ಣೆ, ಅದರಲ್ಲಿ ಬೋಂಡ. ಮನೆಯ ಯಜಮಾನರು ಓಡಿ ಬಂದು ಕೈ ಮುಗಿದರು. “ಬೇಜಾರು ಮಾಡ್ಕೋಬೇಡಿ ಅಣ್ಣ, ಎಣ್ಣೆ ಇಳಿಸೋಕಾಗಲ್ಲ. ಊಟ ಮಾಡಿ, ಸಂಜೆ ಬಿಚ್ಚಿಬಿಡ್ತೀವಿ.”

ಹನುಮಣ್ಣ ಎಂಜಿನ್ ಆಫ್ ಮಾಡಿದರು. “ಸರಿ. ಊಟ ಮಾಡ್ಕೊಂಡು ಸಂಜೆಗೆ ಹೋಗಾಣ ಮೇಡಂ.” ತಮಾಷೆಯಲ್ಲ, ನಿಜವಾಗಿಯೂ ಇಳಿಯಲು ಹೊರಟರು. ಹಿಂದೆ ಬೈಕು, ಆಟೋಗಳು ಒದರುತ್ತಿದ್ದವು.

ಅಷ್ಟರಲ್ಲಿ ಲಕ್ಷ್ಮಮ್ಮನವರು ಕಾರಿನಿಂದ ಇಳಿದು, ತಾವೇ ಬಾರಿನ ಪಿನ್ನು ಕಿತ್ತು, ಬೈಕು, ಆಟೋದವರನ್ನೆಲ್ಲ ಗದರಿಸಿ ಸರಿಸಿ, ಕಾರನ್ನು ಆ ಸಂದಿಯಲ್ಲಿ ನೂಲು ಹಿಡಿದಂತೆ ಹಿಂದಕ್ಕೆ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸಿದರು. ಆಮೇಲೆ ಆ ಮಂಡಿಯಲ್ಲೇ ನಡೆದು ಬಂದು ಮನೆಗಾಡಿಯ ಹಿಂದೆ ನಿಂತರು.

“ಏನ್ರೀ, ಹಾಕಿ ರಿವರ್ಸು.”

“ಲಕ್ಷ್ಮೀ, ನನಗೆ ಹಿಂದೆ ಏನೂ ಕಾಣಲ್ಲ ಕಣೆ.”

“ನಿಮಗ್ಯಾಕೆ ಕಾಣಬೇಕು? ನಾನಿಲ್ವಾ ಹಿಂದೆ?”

ಹನುಮಣ್ಣ ಗೇರಿನ ಮೇಲೆ ಕೈಯಿಟ್ಟು, ತೆಗೆದು, ಹಿಂದಿನ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದು, ಮತ್ತೆ ಇಟ್ಟರು. ಅಲ್ಲಿಯವರೆಗೆ ಅವರು ರಿವರ್ಸ್ ಹಾಕದ್ದನ್ನು ಹಟ ಅಂದುಕೊಂಡಿದ್ದೆ. ಅದು ಭಯ. ಪಾಪ, ಇಷ್ಟು ವರ್ಷ ಎತ್ತಿನ ಕಥೆ ಹೇಳಿ ಮುಚ್ಚಿಟ್ಟಿದ್ದರು. ಗೇರು ಕರಕರ ಎಂದು ಬಿತ್ತು. ಹಿಂದಿನಿಂದ ಬಸ್ ಕಂಡಕ್ಟರನ್ನೂ ಮೀರಿಸುವ ದನಿ. “ಬರ್ಲಿ, ಬರ್ಲಿ, ಬರ್ಲಿ... ರೈಟ್ ಕಟ್ ಮಾಡಿ... ಇನ್ನೂ ಬರ್ಲಿ... ಹೋಲ್ಡಾನ್!” ಗಾಡಿ ಮೂಲೆ ಮುಟ್ಟಿದಾಗ ನಾಮಕರಣದ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು, ಒಂದು ತಟ್ಟೆ ಬೋಂಡವೂ ಬಂತು. ಹನುಮಣ್ಣ ಬೆವರು ಒರೆಸಿಕೊಳ್ಳುತ್ತ, “ಇನ್ನು ಹೇಳಬ್ಯಾಡ ಕಣೆ, ಇದೇ ಮೊದಲು, ಇದೇ ಕೊನೆ” ಎಂದರು.

ಆ ಬಾರ್ ಈಗ ಹಿತ್ತಲಲ್ಲಿ ಹೀರೇಕಾಯಿ ಬಳ್ಳಿಗೆ ಆಸರೆಯಾಗಿದೆ. ಕಾರನ್ನು ಹೇಗೆ ಎಳೆಯುವುದೆಂಬುದನ್ನು ಕೊನೆಗೆ ಲಕ್ಷ್ಮಮ್ಮನವರೇ ತೀರ್ಮಾನಿಸಿದರು. “ಎಳೆಯೋದು ಬೇಡ, ಕಟ್ಟೋದೂ ಬೇಡ. ನಾನು ಕಾರಲ್ಲಿ ಮುಂದೆ ಹೋಗ್ತೀನಿ, ದಾರಿ ಸರಿ ಐತಾ ನೋಡ್ತೀನಿ. ನೀವು ಹಿಂದೆ ಬನ್ನಿ. ಫೋನು ಸ್ಪೀಕರಲ್ಲಿರಲಿ, ಎಷ್ಟು ಬೇಕೋ ಅಷ್ಟು ಮಾತಾಡಿ.”

ಹಾಗೇ ಹೋದರು ಕನ್ಯಾಕುಮಾರಿಗೆ. ಮುಂದೆ ಕೆಂಪು ಕಾರು, ಹಿಂದೆ ಇಷ್ಟುದ್ದದ ಮನೆಗಾಡಿ. ಬಂದ ಮೇಲೆ ಕೇಳಿದೆ, “ಆಂಟಿ ಸಮುದ್ರ ನೋಡಿ ಏನಂದ್ರು?” ಹನುಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. “‘ಅಬ್ಬಾ, ಇಷ್ಟೊಂದು ನೀರು, ಮೋಟರ್ ಇಲ್ದಂಗೆ!’ ಅಂದಳು.” ಆಮೇಲೆ ಉಡುಪಿ, ಗೋಕರ್ಣ, ರಾಮೇಶ್ವರ, ಎಲ್ಲ ಸಮುದ್ರದ ಊರುಗಳೇ. ಎಲ್ಲೂ ರಿವರ್ಸ್ ಹಾಕುವ ಪ್ರಮೇಯ ಬರಲಿಲ್ಲ, ಮುಂದಿನ ಕಾರು ನೋಡಿಕೊಂಡಿತ್ತು.

ಹೋದ ವರ್ಷ ಹನುಮಣ್ಣ ನಿದ್ದೆಯಲ್ಲೇ ಹೋದರು. ಜನ ಕೂರಲೆಂದು ಮನೆಗಾಡಿಯನ್ನು ಮೇನ್ ರೋಡಿಗೆ ಸರಿಸಿ, ಸೈಟಿನಲ್ಲಿ ಕುರ್ಚಿ ಹಾಕಿದ್ದರು. ಸ್ಮಶಾನಕ್ಕೆ ಒಯ್ಯುವ ವ್ಯಾನು ನಮ್ಮ ಕ್ರಾಸಿನೊಳಗೆ ಬಂದು ನಿಂತಿತು, ಹನುಮಣ್ಣನವರನ್ನು ಅದರಲ್ಲಿ ಮಲಗಿಸಿದರು. ಅದರ ಹಿಂದೆ ಲಕ್ಷ್ಮಮ್ಮನವರು ಕಾರು ತಂದು ನಿಲ್ಲಿಸಿದರು. ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿಯಿಲ್ಲ ಎಂದು ಯಾರೋ ಹಿರಿಯರು ಗೊಣಗಿದರು. ಆಕೆ ಕೇಳಿಸಿಕೊಳ್ಳಲಿಲ್ಲ. ನಾನು ಪಕ್ಕದಲ್ಲಿ ಕೂತೆ. ನನಗೂ ಅಳು ತಡೆಯಲಾಗುತ್ತಿರಲಿಲ್ಲ.

ಕ್ರಾಸಿನ ಆ ತುದಿಯನ್ನು ಪೈಪಿಗೆಂದು ಅಗೆದಿದ್ದರು. ಡ್ರೈವರ್ ಇಳಿದು ಬಂದು ಕಿಟಕಿಗೆ ಬಗ್ಗಿದ. “ಅಮ್ಮಾ, ಕಾರು ಸ್ವಲ್ಪ ಹಿಂದಕ್ಕೆ ತಗೊಳಿ. ಮುಂದೆ ದಾರಿ ಇಲ್ಲ, ವ್ಯಾನ್ ರಿವರ್ಸ್ ತೆಗೀಬೇಕು.”

“ರಿವರ್ಸ್ ಬೇಡಪ್ಪ” ಎಂದರು ಲಕ್ಷ್ಮಮ್ಮ. “ಅವರಿಗೆ ಭಯ.”

ಡ್ರೈವರಿಗೆ ಅರ್ಥವಾಗಲಿಲ್ಲ. ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂದು ಶಾಮಿಯಾನದ ಬಳಿ ಕೂಗಿದ ಅದೇ ದನಿಯಲ್ಲಿ ಕೂಗಿದರು. “ಸೈಟಿನ ಕುರ್ಚಿ ಎತ್ತಿ ಎಲ್ಲಾರೂ! ಎರಡೂ ಗೇಟು ತೆಗೀರಿ!”

ಜನ ಎದ್ದು ಗೋಡೆಗೆ ಸರಿದು ನಿಂತರು. ವ್ಯಾನು ಈ ಗೇಟಿನಿಂದ ಒಳಗೆ ಹೋಯಿತು. ಲಕ್ಷ್ಮಮ್ಮನವರು ಗೇರು ಹಾಕಿ, “ಬರ್ಲಿ, ಬರ್ಲಿ” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತ, ಅದರ ಹಿಂದೆಯೇ ಆ ಗೇಟಿನಿಂದ ಹೊರಗೆ ಬಂದರು.